ಕೈಯಲ್ಲಿ ಕಾರ್ಡು, ಗಲ್ಲಿಯಲ್ಲಿ ಕಂಪೌಂಡರ್

1931ರ ಸೆಪ್ಟೆಂಬರ್ 22ರಂದು ಪೂರ್ವ ಲಂಡನ್ನಿನ ಕ್ಯಾನಿಂಗ್ ಟೌನ್ ಎಂಬ ಬಡ ಬಡಾವಣೆಯಲ್ಲಿ, ಪಂಜಾಬಿನಿಂದ ಬಂದು ನೆಲೆಸಿದ್ದ ಒಬ್ಬ ಡಾಕ್ಟರರ ಮನೆಮುಂದೆ ಜನವೋ ಜನ. ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಬಂದಿದ್ದ ಗಾಂಧೀಜಿಯನ್ನು ಕಾಣಲು ಚಾರ್ಲಿ ಚಾಪ್ಲಿನ್ ಅಲ್ಲಿಗೆ ಬಂದಿದ್ದರು. ಯಂತ್ರ ಬೇಕೋ ಬೇಡವೋ ಎಂಬ ಅವರಿಬ್ಬರ ಮಾತುಕತೆ ಆಮೇಲೆ ಎಲ್ಲೆಡೆ ಹೆಸರಾಯಿತು. ಮನೆಯ ಯಜಮಾನನ ಹೆಸರನ್ನು ಮಾತ್ರ ಜನ ಮರೆತರು. ಅವರು ಡಾ. ಚುನಿಲಾಲ್ ಕತಿಯಾಲ್.

ಕತಿಯಾಲರ ಕಥೆ ಅಲ್ಲಿಗೆ ಮುಗಿಯಲಿಲ್ಲ. 1938ರಲ್ಲಿ ಅವರು ಲಂಡನ್ನಿನ ಫಿನ್ಸ್‌ಬರಿಗೆ ಮೇಯರ್ ಆದರು. ದಕ್ಷಿಣ ಏಷ್ಯಾದವರೊಬ್ಬರು ಬ್ರಿಟನ್ನಿನಲ್ಲಿ ಮೇಯರ್ ಆದದ್ದು ಅದೇ ಮೊದಲು. ಅಲ್ಲಿನ ಸಾರ್ವಜನಿಕ ಆರೋಗ್ಯ ಸಮಿತಿಯ ಮುಖ್ಯಸ್ಥರೂ ಆಗಿದ್ದ ಅವರು, ಕ್ಷಯದ ತಪಾಸಣೆ, ಹಲ್ಲಿನ ಚಿಕಿತ್ಸೆ, ತಾಯಿ-ಮಗುವಿನ ಆರೈಕೆ ಎಲ್ಲವೂ ಒಂದೇ ಸೂರಿನಡಿ ಸಿಗುವಂಥ ಫಿನ್ಸ್‌ಬರಿ ಆರೋಗ್ಯ ಕೇಂದ್ರವನ್ನು ಕಟ್ಟಿಸಲು ಮುಂದಾದರು. ಬಡವರ ಓಣಿಗೆ ನಡೆದುಹೋಗುವಷ್ಟು ಹತ್ತಿರ, ಕಾಸು ಕೇಳದ ಚಿಕಿತ್ಸೆ ಎಂಬುದು ಅದರ ಹಿಂದಿದ್ದ ವಿಚಾರ. ಹತ್ತು ವರ್ಷಗಳ ಬಳಿಕ ಬ್ರಿಟನ್ ದೇಶಕ್ಕೆಲ್ಲ ತಂದ ರಾಷ್ಟ್ರೀಯ ಆರೋಗ್ಯ ಸೇವೆಯ ಮುನ್ಸೂಚನೆಯನ್ನು ಆ ಕಟ್ಟಡದಲ್ಲಿ ಕಾಣುವವರಿದ್ದಾರೆ.

1948ರಲ್ಲಿ ಕತಿಯಾಲ್ ಭಾರತಕ್ಕೆ ಮರಳಿದರು. ಆಗಷ್ಟೇ ಸಂಸತ್ತಿನ ಒಪ್ಪಿಗೆ ಪಡೆದಿದ್ದ ನೌಕರರ ರಾಜ್ಯ ವಿಮಾ ಕಾಯ್ದೆ, ಅಂದರೆ ಇಂದಿಗೂ ನಾವು ಇಎಸ್‌ಐ ಎಂದು ಕರೆಯುವ ವ್ಯವಸ್ಥೆಗೆ ಮೊದಲ ಮಹಾನಿರ್ದೇಶಕರಾದರು. ಲಂಡನ್ನಿನ ಒಂದು ಬಡಾವಣೆಗೆ ಮಾಡಿದ್ದನ್ನು ದೆಹಲಿಯ ಮತ್ತು ಕಾನ್ಪುರದ ಕೂಲಿಕಾರರಿಗೆ ಮಾಡಬಲ್ಲವರು ಯಾರಾದರೂ ಇದ್ದರೆ ಅದು ಅವರೇ ಎನ್ನುವಂತಿತ್ತು.

ಹಾಗಿದ್ದೂ, ಇಂದು ದೆಹಲಿಯ ವಜೀರ್‌ಪುರದ ಸ್ಟೀಲ್ ಕಾರ್ಖಾನೆಯಲ್ಲೋ ಓಖ್ಲಾದ ಗಾರ್ಮೆಂಟ್ ಘಟಕದಲ್ಲೋ ದುಡಿಯುವ ಒಬ್ಬನಿಗೆ ರಾತ್ರಿ ಎಂಟಕ್ಕೆ ಜ್ವರ ಬಂದರೆ, ಸರ್ಕಾರ ಕೊಟ್ಟ ವಿಮೆಯ ಕಾರ್ಡು ಜೇಬಿನಲ್ಲಿದ್ದರೂ ಅವನು ಹೋಗುವುದು ಗಲ್ಲಿಯ ತುದಿಯ 'ಡಾಕ್ಟರ್ ಸಾಬ್' ಹತ್ತಿರ. ಆ ಡಾಕ್ಟರ್ ಸಾಬ್ ಡಾಕ್ಟರಲ್ಲ. ಯಾವುದೋ ನರ್ಸಿಂಗ್ ಹೋಮಿನಲ್ಲಿ ಕೆಲವು ವರ್ಷ ಕಂಪೌಂಡರ್ ಆಗಿದ್ದು ಕೆಲಸ ಕಲಿತವನು. ಕಾರ್ಡು ಅವನಲ್ಲಿ ನಡೆಯುವುದಿಲ್ಲ, ರೊಕ್ಕವೇ ಆಗಬೇಕು. ಮನೆಯ ಹತ್ತಿರ, ಸರ್ಕಾರಿ ವಿಮೆಯನ್ನು ಒಪ್ಪುವ, ತರಬೇತಿ ಪಡೆದ ಒಬ್ಬ ವೈದ್ಯಕೀಯ ಸಹಾಯಕ ಸಿಗುವುದು ಯಾಕೆ ಇಷ್ಟು ಕಷ್ಟ? ಇದಕ್ಕೆ ಉತ್ತರ ಹುಡುಕಲು ಎರಡು ಬೇರೆಬೇರೆ ಇತಿಹಾಸಗಳನ್ನು ಓದಬೇಕು. ಒಂದು ಕಾರ್ಡಿನದು, ಇನ್ನೊಂದು ಸಹಾಯಕನದು.

*

ಸಹಾಯಕನ ಇತಿಹಾಸ ಹಳೆಯದು. 1822ರಲ್ಲಿ ಕಲ್ಕತ್ತೆಯಲ್ಲಿ ಈಸ್ಟ್ ಇಂಡಿಯಾ ಕಂಪನಿ 'ನೇಟಿವ್ ಮೆಡಿಕಲ್ ಇನ್ಸ್ಟಿಟ್ಯೂಷನ್' ತೆರೆಯಿತು. ಸೈನ್ಯದ ಬಿಳಿಯ ಸರ್ಜನ್ನರ ಕೈಕೆಳಗೆ ದುಡಿಯಲು 'ನೇಟಿವ್ ಡಾಕ್ಟರ್'ಗಳನ್ನು ತಯಾರು ಮಾಡುವುದು ಅದರ ಕೆಲಸ. 1854ರಲ್ಲಿ, ದೆಹಲಿಗೆ ಹತ್ತಿರದ ಆಗ್ರಾದಲ್ಲಿಯೂ ಮೆಡಿಕಲ್ ಸ್ಕೂಲ್ ಶುರುವಾಯಿತು. ನೇಟಿವ್ ಡಾಕ್ಟರ್ ಎಂಬ ಹೆಸರು ಹೋಗಿ ಹಾಸ್ಪಿಟಲ್ ಅಸಿಸ್ಟೆಂಟ್ ಬಂತು. ಅದೂ ಹೋಗಿ ಸಬ್ ಅಸಿಸ್ಟೆಂಟ್ ಸರ್ಜನ್ ಬಂತು. ಹೆಸರು ಬದಲಾದರೂ ಕೆಲಸ ಬಹುಮಟ್ಟಿಗೆ ಅದೇ: ದೊಡ್ಡ ಡಾಕ್ಟರು ಬಾರದ ಊರಿಗೆ ಇವರನ್ನು ಕಳಿಸುವುದು.

ಈ ಸಾಲಿನ ಕೊನೆಯವರೇ ಕನ್ನಡಿಗರ ಅಜ್ಜ-ಅಜ್ಜಿಯರಿಗೆ ಚೆನ್ನಾಗಿ ಗೊತ್ತಿದ್ದ 'ಎಲ್‌ಎಂಪಿ ಡಾಕ್ಟರು'. ಕಾಲೇಜಿನಲ್ಲಿ ಎಂಬಿಬಿಎಸ್ ಪದವಿ ಓದಿದವರಲ್ಲ, ಮೆಡಿಕಲ್ ಸ್ಕೂಲಿನಲ್ಲಿ ಸುಮಾರು ನಾಲ್ಕು ವರ್ಷ ಓದಿ ಲೈಸೆನ್ಸ್ ಪಡೆದವರು. ತಾಲ್ಲೂಕು ಆಸ್ಪತ್ರೆಗಳಲ್ಲಿ, ಸಂತೆಯ ಊರುಗಳಲ್ಲಿ, ಮಿಷನ್ ದವಾಖಾನೆಗಳಲ್ಲಿ ಇವರದೇ ಕಾರುಬಾರು. ದೇಶದಲ್ಲಿ ಆಗ ವೈದ್ಯರೆಂದರೆ ಹೆಚ್ಚಿನಂಶ ಇವರೇ. ಸ್ವಾತಂತ್ರ್ಯಕ್ಕೆ ಮುಂಚಿನ ಲೆಕ್ಕದ ಪ್ರಕಾರ ನೋಂದಾಯಿತ ವೈದ್ಯರು 47,524. ಅವರಲ್ಲಿ ಪದವೀಧರರು 17,654, ಲೈಸೆನ್ಸ್ ಪಡೆದವರು 29,870. ಮೂರರಲ್ಲಿ ಎರಡು ಪಾಲಿಗೆ ಸ್ವಲ್ಪವೇ ಕಡಿಮೆ.

ಈ ಅಂಕಿಗಳನ್ನು ಕೊಟ್ಟದ್ದು ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿ. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಆ ಸಮಿತಿಯನ್ನು ಭಾರತದ ಸಾರ್ವಜನಿಕ ಆರೋಗ್ಯದ ಬುನಾದಿ ಎನ್ನುತ್ತಾರೆ. ಅದು ಸುಮ್ಮನೆ ಹೇಳುವ ಮಾತಲ್ಲ. ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಅದು ಬರೆಯಿತು. ಹಳ್ಳಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆಯನ್ನು ಕೊಟ್ಟಿತು. ಆಗ 6,300 ಜನರಿಗೆ ಒಬ್ಬ ವೈದ್ಯನಿದ್ದ ದೇಶದಲ್ಲಿ 2,000 ಜನರಿಗೆ ಒಬ್ಬ ಬೇಕೆಂಬ ಗುರಿ ಇಟ್ಟಿತು.

ಆದರೆ ಅದೇ ವರದಿ ಎಲ್‌ಎಂಪಿಗಳ ಬಾಗಿಲು ಮುಚ್ಚಿಸಿತು. ಇನ್ನು ಮುಂದೆ ದೇಶಕ್ಕೆ ಒಂದೇ ಬಗೆಯ 'ಮೂಲ ವೈದ್ಯ' ಸಾಕು, ಅವನು ಐದೂವರೆ ವರ್ಷ ಓದಿದ ಪದವೀಧರನಾಗಿರಬೇಕು ಎಂದಿತು. ಸಮಿತಿಯ ಕೆಲವು ಸದಸ್ಯರು ಇದನ್ನು ಒಪ್ಪಲಿಲ್ಲ. ವೈದ್ಯರ ಕೊರತೆ ಇಷ್ಟಿರುವಾಗ ಇರುವ ದಾರಿಯನ್ನು ಮುಚ್ಚಬೇಡಿ ಎಂದು ಭಿನ್ನಮತ ಬರೆದರು. ಬಹುಮತದ ವಾದಕ್ಕೂ ಬಲವಿತ್ತು. ನೂರು ವರ್ಷ ಸಾಹೇಬರು ನಮಗೆ ಕಡಿಮೆ ಓದಿನ, ಕಡಿಮೆ ಸಂಬಳದ ವೈದ್ಯರನ್ನೇ ಕೊಟ್ಟರು. ಸ್ವತಂತ್ರ ಭಾರತದ ಹಳ್ಳಿಯವನಿಗೂ ಅದೇ ಎರಡನೇ ದರ್ಜೆಯೇ? ಅದು ಸ್ವಾಭಿಮಾನದ ಪ್ರಶ್ನೆಯಾಗಿತ್ತು. ಮೆಡಿಕಲ್ ಸ್ಕೂಲುಗಳು ಒಂದೊಂದಾಗಿ ಮುಚ್ಚಿದವು, ಇಲ್ಲವೇ ಕಾಲೇಜುಗಳಾದವು. ಮೈಸೂರು ಸಂಸ್ಥಾನ ಈ ದಾರಿಯನ್ನು ಮೊದಲೇ ಹಿಡಿದಿತ್ತು: 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಮೆಡಿಕಲ್ ಕಾಲೇಜನ್ನು 1930ರಲ್ಲಿ ಮೈಸೂರಿಗೆ ಸ್ಥಳಾಂತರಿಸಿತ್ತು.

ಎಲ್‌ಎಂಪಿಗಳು ಹೋದರು. ಅವರು ನೋಡುತ್ತಿದ್ದ ರೋಗಿಗಳು ಎಲ್ಲಿಗೆ ಹೋಗಬೇಕು?

*

ಇದೇ ವರ್ಷಗಳಲ್ಲಿ ಕಾರ್ಡಿನ ಇತಿಹಾಸ ಆರಂಭವಾಯಿತು. 1943ರ ಮಾರ್ಚಿಯಲ್ಲಿ ಬಿ.ಪಿ. ಅಡಾರ್ಕರ್ ಎಂಬ ಅರ್ಥಶಾಸ್ತ್ರಜ್ಞರಿಗೆ ಕಾರ್ಖಾನೆ ಕೆಲಸಗಾರರ ಆರೋಗ್ಯ ವಿಮೆಯ ಯೋಜನೆ ಬರೆಯುವ ಕೆಲಸ ವಹಿಸಲಾಯಿತು. ಬ್ರಿಟನ್ನಿನ ಬೆವರಿಜ್ ವರದಿ ಬಂದು ಕೆಲವೇ ತಿಂಗಳಾಗಿತ್ತು. ಅಡಾರ್ಕರರನ್ನು 'ಛೋಟಾ ಬೆವರಿಜ್' ಎಂದೂ ಕರೆದರು. 1944ರಲ್ಲಿ ಅವರು ಕೊಟ್ಟ ವರದಿಯ ತಿರುಳು ಸರಳ: ಮಾಲೀಕನೂ ಕೆಲಸಗಾರನೂ ತಿಂಗಳು ತಿಂಗಳು ಸ್ವಲ್ಪ ಹಣ ಕಟ್ಟಬೇಕು, ಕಾಯಿಲೆ ಬಿದ್ದಾಗ ಚಿಕಿತ್ಸೆಯೂ ಸಿಗಬೇಕು, ಕಳೆದುಕೊಂಡ ಕೂಲಿಯಲ್ಲಿ ಒಂದು ಪಾಲೂ ಸಿಗಬೇಕು. ಅದೇ 1948ರಲ್ಲಿ ಕಾಯ್ದೆಯಾಯಿತು.

1952ರ ಫೆಬ್ರವರಿ 24ರಂದು ಕಾನ್ಪುರದ ಮೈದಾನವೊಂದರಲ್ಲಿ ಜವಾಹರಲಾಲ್ ನೆಹರೂ ಯೋಜನೆಯನ್ನು ಉದ್ಘಾಟಿಸಿದರು. ಅದೇ ದಿನ ದೆಹಲಿಯಲ್ಲೂ ಅದು ಜಾರಿಗೆ ಬಂತು. ಎರಡೂ ನಗರ ಸೇರಿ ಮೊದಲಿಗೆ ಸುಮಾರು 1.20 ಲಕ್ಷ ಕೆಲಸಗಾರರು. ನೆಹರೂ ಅವರೇ ಮೊದಲ ಗೌರವ ವಿಮಾದಾರರಾದರು. ವೇದಿಕೆಯ ಮೇಲೆ ಜಗಜೀವನ್ ರಾಮ್, ರಾಜಕುಮಾರಿ ಅಮೃತ್ ಕೌರ್, ಗೋವಿಂದ ವಲ್ಲಭ ಪಂತ್ ಇದ್ದರು; ಕತಿಯಾಲರೂ ಇದ್ದರು.

ಎರಡು ವರ್ಷಗಳ ಬಳಿಕ, 1954ರಲ್ಲಿ, ದೆಹಲಿಯ ಕೇಂದ್ರ ಸರ್ಕಾರಿ ನೌಕರರಿಗೂ ಒಂದು ವ್ಯವಸ್ಥೆ ಬಂತು. ಅದೇ ಸಿಜಿಎಚ್‌ಎಸ್. ಹದಿನಾರು ದವಾಖಾನೆಗಳಿಂದ ಶುರುವಾದ ಅದು, ಕೆಲಸ ಹುಡುಕಿ ದೆಹಲಿಗೆ ಹೋಗಿ ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಸಂಸಾರ ಹೂಡಿದ ಎಷ್ಟೋ ಕನ್ನಡಿಗ ಕುಟುಂಬಗಳಿಗೂ ಆಸರೆಯಾಯಿತು. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಡಿಸ್ಪೆನ್ಸರಿ, ಕಾರ್ಡು ತೋರಿಸಿದರೆ ಗುಳಿಗೆ. ಗುಮಾಸ್ತರಿಗೆ ಸಾಧ್ಯವಾದದ್ದು ಇದು.

ಎರಡು ಇತಿಹಾಸಗಳ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ತೊಡಕು ಎಲ್ಲಿ ಬಿತ್ತೆಂದು ತಿಳಿಯುತ್ತದೆ. 1946ರಲ್ಲಿ ಬಡವರ ನೆರೆಯಲ್ಲಿದ್ದ ಅರೆವೈದ್ಯನನ್ನು ಕೈಬಿಡಲು ನಿರ್ಧಾರವಾಯಿತು. 1952ರಲ್ಲಿ ಬಡವರಿಗೆ ಕಾರ್ಡು ಕೊಡಲು ಶುರುವಾಯಿತು. ಕಾರ್ಡು ಬರುವ ಹೊತ್ತಿಗೆ, ಅದನ್ನು ಓಣಿಯಲ್ಲೇ ತೆಗೆದುಕೊಳ್ಳಬಹುದಾಗಿದ್ದವನನ್ನು ತಯಾರಿಸುವ ಬಾಗಿಲು ಮುಚ್ಚುತ್ತಿತ್ತು. ಕಾರ್ಡನ್ನು ಪೂರ್ತಿ ಓದಿದ ಡಾಕ್ಟರರ ಜೊತೆಗೇ ಕಟ್ಟಿಹಾಕಲಾಯಿತು. ಅಂಥ ಡಾಕ್ಟರು ವಜೀರ್‌ಪುರದ ಗಲ್ಲಿಯೊಳಗೆ ಕ್ಲಿನಿಕ್ ಇಡಲು ಬರಲಿಲ್ಲ.

*

ಬೇರೆ ದೇಶದಲ್ಲಿ ಹೀಗೆ ಆಗಬೇಕೆಂದೇನೂ ಇರಲಿಲ್ಲ. ಅಮೆರಿಕದಲ್ಲಿ ಕಾರ್ಡೂ ಸಹಾಯಕನೂ ಒಂದೇ ವರ್ಷ ಹುಟ್ಟಿದರು. 1965ರ ಜುಲೈನಲ್ಲಿ ವೃದ್ಧರಿಗೆ ಸರ್ಕಾರಿ ವಿಮೆ ಕೊಡುವ ಮೆಡಿಕೇರ್ ಕಾನೂನಿಗೆ ಸಹಿ ಬಿತ್ತು. ಅದೇ ವರ್ಷ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯುಜೀನ್ ಸ್ಟೆಡ್, ನೌಕಾದಳದಲ್ಲಿ ವೈದ್ಯಕೀಯ ಕೆಲಸ ಮಾಡಿ ನಿವೃತ್ತರಾಗಿದ್ದ ನಾಲ್ವರನ್ನು ಸೇರಿಸಿಕೊಂಡು 'ಫಿಸಿಷಿಯನ್ ಅಸಿಸ್ಟೆಂಟ್' ತರಗತಿ ಶುರು ಮಾಡಿದರು. 1967ರಲ್ಲಿ ಮೂವರು ಪಾಸಾದರು. ಹತ್ತು ವರ್ಷ ಈ ಎರಡು ಎಳೆಗಳು ಬೇರೆಬೇರೆಯಾಗಿಯೇ ಇದ್ದವು. 1977ರಲ್ಲಿ ಹಳ್ಳಿಯ ಕ್ಲಿನಿಕ್ಕುಗಳ ಬಗ್ಗೆ ಬಂದ ಕಾಯ್ದೆ, ಅಲ್ಲಿ ಈ ಸಹಾಯಕರು ಕೊಡುವ ಚಿಕಿತ್ಸೆಗೂ ಮೆಡಿಕೇರ್ ಹಣ ಕೊಡಲಿ ಎಂದಿತು. 1997ರಲ್ಲಿ ಆ ಅವಕಾಶ ಹಳ್ಳಿಗಷ್ಟೇ ಸೀಮಿತವಾಗದೆ ಎಲ್ಲೆಡೆಗೂ ಬಂತು, ಡಾಕ್ಟರರ ದರದ ಶೇ. 85ರಷ್ಟು ಶುಲ್ಕದಲ್ಲಿ. 'ನನ್ನ ವಿಮೆ ಒಪ್ಪುವ ಸಹಾಯಕರು ಹತ್ತಿರದಲ್ಲಿ ಯಾರಿದ್ದಾರೆ' ಎಂದು ಅಲ್ಲಿ ಒಬ್ಬರು ಹುಡುಕಿದರೆ ಉತ್ತರ ಸಿಗುವುದು ಈ ಎರಡು ಕಾನೂನುಗಳಿಂದಾಗಿ.

ಅದೇ 1977ರಲ್ಲಿ ಭಾರತವೂ ಒಂದು ಹೆಜ್ಜೆ ಇಟ್ಟಿತು. ಜನತಾ ಸರ್ಕಾರದ ಆರೋಗ್ಯ ಸಚಿವ ರಾಜ್ ನಾರಾಯಣ್ ಅಕ್ಟೋಬರ್ 2ರಂದು ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆ ಜಾರಿಗೆ ತಂದರು. ಮೂರು ತಿಂಗಳ ತರಬೇತಿ, ಒಂದು ಔಷಧಿ ಪೆಟ್ಟಿಗೆ, ತಿಂಗಳಿಗೆ 50 ರೂಪಾಯಿ ಗೌರವಧನ. ಸರ್ಕಾರವೇ ನಕಲಿ ಡಾಕ್ಟರರನ್ನು ತಯಾರಿಸುತ್ತಿದೆ ಎಂದು ವೈದ್ಯ ಸಂಘಟನೆಗಳು ಸಿಡಿದವು. ಸರ್ಕಾರ ಬದಲಾಯಿತು. ಕಾರ್ಯಕರ್ತ 'ಸ್ವಯಂಸೇವಕ'ನಾದ, ಬಳಿಕ 'ಗ್ರಾಮ ಆರೋಗ್ಯ ಮಾರ್ಗದರ್ಶಿ'ಯಾದ, ಆಮೇಲೆ ಮರೆಯಾದ. ಮೂರು ತಿಂಗಳ ತರಬೇತಿ ಸಾಲದು ಎಂಬ ಟೀಕೆಯಲ್ಲಿ ಹುರುಳಿತ್ತು. ಆದರೆ ಮೂರು ತಿಂಗಳಿಗೂ ಐದೂವರೆ ವರ್ಷಕ್ಕೂ ನಡುವೆ ಇದ್ದ ಮೆಟ್ಟಿಲನ್ನು ಮರಳಿ ಕಟ್ಟಲು ಯಾರೂ ಮುಂದಾಗಲಿಲ್ಲ.

ಆ ಮೆಟ್ಟಿಲು ಕಡೆಗೆ ಬೇರೊಂದು ಜಾಗದಲ್ಲಿ ಕಾಣಿಸಿಕೊಂಡಿತು. 1992ರಲ್ಲಿ ಮದರಾಸಿನಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್ ಭಾರತದ ಮೊದಲ ಫಿಸಿಷಿಯನ್ ಅಸಿಸ್ಟೆಂಟ್ ಕೋರ್ಸನ್ನು ಮದ್ರಾಸ್ ಮೆಡಿಕಲ್ ಮಿಷನ್ನಿನಲ್ಲಿ ಆರಂಭಿಸಿದರು. ಅದು ಬೆಳೆಯಿತು, ಮಣಿಪಾಲದವರೆಗೂ ಬಂತು. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ 'ಫಿಸಿಷಿಯನ್ ಅಸೋಸಿಯೇಟ್' ಎಂಬ ಹೆಸರಿನಲ್ಲಿ ಈ ವೃತ್ತಿಗೆ ಕಾನೂನಿನ ಮಾನ್ಯತೆಯನ್ನೂ ಕೊಟ್ಟಿತು. ಹೆಸರು ಮತ್ತೊಮ್ಮೆ ಬದಲಾಯಿತು. ಆದರೆ ಇವರ ಜಾಗ ದೊಡ್ಡ ಆಸ್ಪತ್ರೆಯ ಒಳಗೆ: ಆಪರೇಷನ್ ಥಿಯೇಟರಿನಲ್ಲಿ, ಐಸಿಯುನಲ್ಲಿ, ವಾರ್ಡಿನ ರೌಂಡ್ಸಿನಲ್ಲಿ ತಜ್ಞರ ಬೆನ್ನಿಗೆ. ತಾವೇ ಕ್ಲಿನಿಕ್ ತೆರೆದು ಔಷಧಿ ಬರೆದುಕೊಡುವ ಅಧಿಕಾರ ಇವರಿಗಿಲ್ಲ. ಅಮೆರಿಕದಲ್ಲಿ ಡಾಕ್ಟರಿಲ್ಲದ ಊರಿಗೆಂದು ಬೆಳೆದ ವೃತ್ತಿ, ಇಲ್ಲಿ ಡಾಕ್ಟರು ಹೆಚ್ಚಾಗಿರುವ ಕಟ್ಟಡದಲ್ಲೇ ಉಳಿಯಿತು.

*

ಊರಿಗೆ ಒಬ್ಬ ಅರೆವೈದ್ಯ ಬೇಕೆಂಬ ವಾದ ಮಾತ್ರ ಸಾಯಲಿಲ್ಲ. ಅದು ಮತ್ತೆ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿತು. 2010ರಲ್ಲಿ ದೆಹಲಿ ಹೈಕೋರ್ಟು, ಹಳ್ಳಿಗಳ ಪ್ರಾಥಮಿಕ ಚಿಕಿತ್ಸೆಗೆಂದೇ ಕಿರು ಅವಧಿಯ ಕೋರ್ಸು ತರಬೇಕೆಂದು ಕೇಂದ್ರಕ್ಕೂ ವೈದ್ಯಕೀಯ ಪರಿಷತ್ತಿಗೂ ಸೂಚಿಸಿತು. 2013ರಲ್ಲಿ ಕೇಂದ್ರ ಸಂಪುಟ ಸಮುದಾಯ ಆರೋಗ್ಯದ ಬಿಎಸ್ಸಿ ಕೋರ್ಸಿಗೆ ಒಪ್ಪಿಗೆ ಕೊಟ್ಟಿತು. ಅಸ್ಸಾಂ 2004ರಲ್ಲೇ ತನ್ನದೇ ಕಾಯ್ದೆ ಮಾಡಿ ಮೂರು ವರ್ಷದ ಡಿಪ್ಲೊಮಾ ನಡೆಸಿತ್ತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಬಿ.ವಿ. ನಾಗರತ್ನ ಅವರ ಪೀಠ, ವೈದ್ಯಕೀಯ ಶಿಕ್ಷಣದ ಮಟ್ಟವನ್ನು ನಿಗದಿ ಮಾಡುವುದು ಕೇಂದ್ರದ ಅಧಿಕಾರವೆಂಬ ನೆಲೆಯಲ್ಲಿ ಆ ಕಾಯ್ದೆ ಅಸಿಂಧು ಎಂದಿತು. ಆದರೆ ಓದಿ ಹೊರಬಂದವರು ಸಮುದಾಯ ಆರೋಗ್ಯ ಸಿಬ್ಬಂದಿಯಾಗಿ ಮುಂದುವರಿಯಲು ರಾಜ್ಯ ಆಮೇಲೆ ಮಾಡಿದ್ದ ಕಾಯ್ದೆಯನ್ನು ಎತ್ತಿಹಿಡಿಯಿತು.

ನಡುವೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮು 'ಕಮ್ಯುನಿಟಿ ಹೆಲ್ತ್ ಪ್ರೊವೈಡರ್' ಎಂಬವರಿಗೆ ಸೀಮಿತ ಲೈಸೆನ್ಸ್ ಕೊಡಬಹುದೆಂದಿತು. ಪ್ರಾಥಮಿಕ ಚಿಕಿತ್ಸೆಯಲ್ಲಿ ಮಾತ್ರ ಇವರು ಸ್ವತಂತ್ರವಾಗಿ ಔಷಧಿ ಬರೆಯಬಹುದು. ಅದೇ ವರ್ಷ ದೆಹಲಿಯ ದೊಡ್ಡ ಸರ್ಕಾರಿ ಆಸ್ಪತ್ರೆಗಳ ಕಿರಿಯ ವೈದ್ಯರು ಬೀದಿಗಿಳಿದಿದ್ದರು. ಅವರ ಭಯ 1946ರ ಬಹುಮತದ ಭಯವೇ: ಬಡವನಿಗೆ ಕಡಿಮೆ ದರ್ಜೆಯ ವೈದ್ಯ.

ಆದರೆ ಬಡವನಿಗೆ ಈಗ ಯಾವ ದರ್ಜೆ ಸಿಗುತ್ತಿದೆ? ಅರ್ಥಶಾಸ್ತ್ರಜ್ಞರಾದ ಜಿಷ್ಣು ದಾಸ್ ಮತ್ತು ಜೆಫ್ರಿ ಹ್ಯಾಮರ್ ದೆಹಲಿಯ ಏಳು ಬಡಾವಣೆಗಳಲ್ಲಿ ಡಾಕ್ಟರರ ಪಕ್ಕದಲ್ಲೇ ಕುಳಿತು ನೋಡುವ ಅಧ್ಯಯನ ಮಾಡಿದ್ದರು. ವೈದ್ಯನಿಗೆ ಗೊತ್ತಿರುವುದು ಒಂದು, ರೋಗಿ ಎದುರು ಕೂತಾಗ ಅವನು ನಿಜಕ್ಕೂ ಮಾಡುವುದು ಇನ್ನೊಂದು ಎಂಬುದು ಅವರ ಕಾಣ್ಕೆ. ಗೋಡೆಗೆ ನೇತುಹಾಕಿದ ಪದವಿಪತ್ರವೊಂದೇ ಒಳ್ಳೆಯ ಚಿಕಿತ್ಸೆಯ ಭರವಸೆಯಲ್ಲ ಎಂದಾಯಿತು. ದಾಸ್ ಮತ್ತು ಜೊತೆಗಾರರು ಪಶ್ಚಿಮ ಬಂಗಾಳದ ಬೀರ್‌ಭೂಮ್‌ನಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ, ಪದವಿಯಿಲ್ಲದ ಊರ ವೈದ್ಯರಿಗೆ ಒಂಬತ್ತು ತಿಂಗಳು ಪಾಠ ಹೇಳಿದರೆ ರೋಗವನ್ನು ಸರಿಯಾಗಿ ನಿಭಾಯಿಸುವುದರಲ್ಲಿ ಅವರಿಗೂ ಸರ್ಕಾರಿ ವೈದ್ಯರಿಗೂ ಇರುವ ಅಂತರ ತಗ್ಗುತ್ತದೆ ಎಂದು ತೋರಿಸಿತು. ಬೇಡದ ಔಷಧಿ ಕೊಡುವ ಚಟ ಮಾತ್ರ ಬಿಡಲಿಲ್ಲ. ಕಲಿಸಿದರೆ ಕಲಿಯುತ್ತಾರೆ, ಆದರೆ ಮಾತ್ರೆ ಮಾರಿ ಬದುಕುವವನ ಮೇಲೆ ಕಣ್ಣಿಡುವವರೂ ಬೇಕು ಎಂದು ಈ ಫಲಿತಾಂಶವನ್ನು ಓದಬಹುದು. ಕಾರ್ಡಿನ ವ್ಯವಸ್ಥೆಯೊಳಗೆ ಬಂದವನ ಮೇಲೆ ಕಣ್ಣಿಡುವುದು ಸುಲಭ. ಹೊರಗೆ ಉಳಿದವನ ಮೇಲೆ ಪೊಲೀಸರನ್ನು ಬಿಡಬಹುದು, ಅಷ್ಟೇ.

*

ಈ ನಡುವೆ ಕಾರ್ಡುಗಳು ಹೆಚ್ಚಿದವು. ಕರ್ನಾಟಕದಲ್ಲಿ 2003ರಿಂದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ರೈತರಿಗೆ ತಿಂಗಳಿಗೆ ಐದು ರೂಪಾಯಿಯಲ್ಲಿ ಶಸ್ತ್ರಚಿಕಿತ್ಸೆಯ ರಕ್ಷಣೆ ಕೊಟ್ಟಿತು. ಆ ಬಗೆಯ ಯೋಜನೆಗಳ ಹಾದಿಯಲ್ಲೇ 2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಆಯುಷ್ಮಾನ್ ಭಾರತದ ವಿಮೆ ಬಂತು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ. ಹರಿಯಾಣ, ಉತ್ತರ ಪ್ರದೇಶ ಸೇರಿದವು, ದೆಹಲಿ ಸೇರಲಿಲ್ಲ. ಅಂದಿನ ದೆಹಲಿ ಸರ್ಕಾರ 2015ರ ಜುಲೈನಲ್ಲಿ ಪೀರಾಗಢಿಯಲ್ಲಿ ಮೊದಲ ಮೊಹಲ್ಲಾ ಕ್ಲಿನಿಕ್ ತೆರೆದು, ಮುಂದೆ ಐನೂರರಷ್ಟು ಕ್ಲಿನಿಕ್ಕುಗಳವರೆಗೆ ಬೆಳೆಸಿತು. ಕಾರ್ಡು ಬೇಕಿಲ್ಲ, ಡಾಕ್ಟರೇ ಓಣಿಗೆ ಬರಲಿ ಎಂಬುದು ಅದರ ಉತ್ತರ. ಹೀಗೆ ಆರೂವರೆ ವರ್ಷ ರಾಜಧಾನಿ ಪ್ರದೇಶದಲ್ಲಿ ವಿಚಿತ್ರ ಸ್ಥಿತಿ ಇತ್ತು: ನೋಯ್ಡಾದಲ್ಲಿ, ಗುರುಗ್ರಾಮದಲ್ಲಿ ಕಾರ್ಡು, ಗಡಿ ದಾಟಿ ದೆಹಲಿಗೆ ಬಂದರೆ ಕ್ಲಿನಿಕ್. ಒಂದೇ ಮೆಟ್ರೋದಲ್ಲಿ ಓಡಾಡುವ ಇಬ್ಬರಿಗೆ ಎರಡು ಬೇರೆ ಭರವಸೆ.

2025ರ ಏಪ್ರಿಲಿನಲ್ಲಿ, ಸರ್ಕಾರ ಬದಲಾದ ಮೇಲೆ, ದೆಹಲಿಯೂ ಸೇರಿತು. ತನ್ನ ಕಡೆಯಿಂದ ಇನ್ನೂ 5 ಲಕ್ಷ ಸೇರಿಸಿ ಒಟ್ಟು 10 ಲಕ್ಷ ಎಂದಿತು. ಆದರೆ ಈ ವಿಮೆ ನಡೆಯುವುದು ಆಸ್ಪತ್ರೆಗೆ ದಾಖಲಾದಾಗ. ಹೊರರೋಗಿಯ ಜ್ವರಕ್ಕೆ, ಸಕ್ಕರೆ ಕಾಯಿಲೆಯ ತಿಂಗಳ ಗುಳಿಗೆಗೆ ಅದು ಬರುವುದಿಲ್ಲ. ಅದಕ್ಕೆಂದು ಆಯುಷ್ಮಾನ್ ಭಾರತದ ಇನ್ನೊಂದು ಅರ್ಧ ಇದೆ. ಮೊದಲು ಹೆಲ್ತ್ ಅಂಡ್ ವೆಲ್‌ನೆಸ್ ಸೆಂಟರ್ ಎನಿಸಿಕೊಂಡು 2023ರಿಂದ ಆಯುಷ್ಮಾನ್ ಆರೋಗ್ಯ ಮಂದಿರ ಎನಿಸಿಕೊಂಡದ್ದು. ಅದರ ಹಳ್ಳಿಯ ಉಪಕೇಂದ್ರಗಳಲ್ಲಿ ಆರು ತಿಂಗಳ ವಿಶೇಷ ತರಬೇತಿ ಪಡೆದ ನರ್ಸ್ ಅಥವಾ ಆಯುರ್ವೇದ ಪದವೀಧರರು 'ಸಮುದಾಯ ಆರೋಗ್ಯ ಅಧಿಕಾರಿ'ಗಳಾಗಿ ಕೂರುತ್ತಾರೆ. ಎರಡು ಶತಮಾನದ ಆ ಸಹಾಯಕನ ಇಂದಿನ ಹೆಸರು ಇದು. ಆದರೆ ನಗರದ ಕೇಂದ್ರಗಳಿಗೆ ಎಂಬಿಬಿಎಸ್ ವೈದ್ಯರೇ ಬೇಕೆಂಬುದು ಲೆಕ್ಕ. ಹಾಗಾಗಿ ಸಹಾಯಕನಿರುವಲ್ಲಿ ಕಾರ್ಡಿನ ಮಾತಿಲ್ಲ, ಕಾರ್ಡು ನಡೆಯುವಲ್ಲಿ ಸಹಾಯಕನ ಮಾತಿಲ್ಲ.

ಈ ಎಲ್ಲ ಕಾರ್ಡುಗಳ ನಡುವೆ ಕತಿಯಾಲರ ಕಾಲದ ಹಳೆಯ ಕಾರ್ಡೇ ಒಂದು ವಿಷಯದಲ್ಲಿ ಮೇಲು. ಇಎಸ್‌ಐ ಮೊದಲ ದಿನದ ಜ್ವರಕ್ಕೂ ನಡೆಯುತ್ತದೆ, ಗುಳಿಗೆ ಕೊಡುತ್ತದೆ, ಕೆಲಸಕ್ಕೆ ಹೋಗಲಾಗದಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟನ್ನು ಕೊಡುತ್ತದೆ. ಆದರೆ ಅದರ ಸಂಬಳದ ಮಿತಿ 2017ರಲ್ಲಿ 21,000 ರೂಪಾಯಿಗೆ ನಿಂತಿತು. 2024ರ ಅಕ್ಟೋಬರಿನಲ್ಲಿ ದೆಹಲಿ ಸರ್ಕಾರ ಕುಶಲ ಕೆಲಸಗಾರನ ಕನಿಷ್ಠ ವೇತನವನ್ನು 21,917 ರೂಪಾಯಿಗೆ ಏರಿಸಿತು. ಕಾನೂನು ಹೇಳುವಷ್ಟೇ ಕೂಲಿ ಪಡೆದವನು ಕಾನೂನು ಕೊಡುವ ವಿಮೆಯ ಮಿತಿ ದಾಟಿಬಿಟ್ಟ. ಕನಿಷ್ಠ ವೇತನ ಸಿಗದವನು, ಗುತ್ತಿಗೆದಾರನ ಪುಸ್ತಕದಲ್ಲಿ ಹೆಸರೇ ಇಲ್ಲದವನು, ಮೊದಲಿನಿಂದಲೂ ಹೊರಗೇ ಇದ್ದ.

ಕತಿಯಾಲ್ 1953ರಲ್ಲಿ ಆ ಹುದ್ದೆ ಬಿಟ್ಟರು. ಅವರು ಮುಂದಾಗಿ ಕಟ್ಟಿಸಿದ ಫಿನ್ಸ್‌ಬರಿ ಕೇಂದ್ರದ ಚಿತ್ರ ಎರಡನೇ ಮಹಾಯುದ್ಧದ ಕಾಲದ ಒಂದು ಪೋಸ್ಟರಿನಲ್ಲಿ ಬಂದಿತ್ತು. ಹಿಂಬದಿಯಲ್ಲಿ ಕಾಯಿಲೆ ಮಗುವೊಂದು ಆಡುತ್ತಿರುವ ಪಾಳುಗೋಡೆ, ಮುಂದೆ ಬೆಳ್ಳಗೆ ಹೊಳೆಯುವ ಆರೋಗ್ಯ ಕೇಂದ್ರ. ಪಾಳುಗೋಡೆಯನ್ನು ತೋರಿಸಿದ್ದು ಚರ್ಚಿಲ್ಲರಿಗೆ ಹಿಡಿಸದೆ ಆ ಪೋಸ್ಟರನ್ನು ತಡೆಹಿಡಿಯಲಾಯಿತು.

ದೆಹಲಿಯಲ್ಲೂ ಎರಡೂ ಇವೆ. ಬಸಾಯಿದಾರಾಪುರದಲ್ಲಿ, ಓಖ್ಲಾದಲ್ಲಿ, ಝಿಲ್ಮಿಲ್‌ನಲ್ಲಿ, ಫರೀದಾಬಾದಿನಲ್ಲಿ ಇಎಸ್‌ಐನ ದೊಡ್ಡ ಆಸ್ಪತ್ರೆಗಳು ನಿಂತಿವೆ. ಬೆಳಗ್ಗೆ ಅರ್ಧ ದಿನದ ಕೂಲಿ ಬಿಟ್ಟು ಹೋಗಿ ಸರದಿಯಲ್ಲಿ ನಿಲ್ಲಬಲ್ಲವರಿಗೆ ಅಲ್ಲಿ ನಿಜವಾದ ಚಿಕಿತ್ಸೆ ಸಿಗುತ್ತದೆ. ರಾತ್ರಿ ಎಂಟಕ್ಕೆ ಡಿಸ್ಪೆನ್ಸರಿಯ ಬಾಗಿಲು ಹಾಕಿರುತ್ತದೆ. ಗಲ್ಲಿಯ ತುದಿಯ ಅಂಗಡಿಯಲ್ಲಿ ಮಾತ್ರ ದೀಪ ಉರಿಯುತ್ತಿರುತ್ತದೆ. ಕೆಲಸ ಬಿಟ್ಟು ಬಂದವನು ಕಾರ್ಡನ್ನು ಜೇಬಿನಲ್ಲೇ ಬಿಟ್ಟು, ನೋಟು ಹೊರತೆಗೆದು, ಬೆಂಚಿನ ಮೇಲೆ ತನ್ನ ಸರದಿಗೆ ಕೂರುತ್ತಾನೆ.